ಹೂವಜ್ಜಿಯ ಒಂಬತ್ತು ಸೇವಂತಿಗೆ

ಇಂಚರಾ, ತೇಜು, ಇದನ್ನು ಇಬ್ಬರೂ ಓದಬೇಕು. ತೇಜು, ಅಕ್ಕ ಓದಿ ಹೇಳಲಿ ಎಂದು ಕಾಯಬೇಡ. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಮಾತ್ರ ಓದಿದವಳಾದರೂ ನನ್ನ ಅಕ್ಷರ ದುಂಡಗಿದೆ, ನಿಧಾನಕ್ಕೆ ಓದಿದರೆ ನಿನಗೂ ತಿಳಿಯುತ್ತದೆ. ಎದುರಿಗೆ ಕೂತು ಹೇಳೋಣವೆಂದರೆ ನನಗೆ ನಾಲ್ಕು ಜನರ ಮುಂದೆ ಮಾತು ಬರುವುದಿಲ್ಲ. ಈ ವಿಷಯವನ್ನಂತೂ ನಿಮ್ಮಿಬ್ಬರ ಮುಂದೆಯೂ ಹೇಳಲಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಚಿಕ್ಕವಳಿದ್ದಾಗ ಅಪ್ಪ ಸಂತೆಯಿಂದ ಅಕ್ಕನಿಗೆ ಜಡೆಗೆ ಕಟ್ಟುವ ಒಂದು ಹಸಿರು ಟೇಪು ತಂದುಕೊಟ್ಟರು. ಜ್ವರ ಬಂದು ನನ್ನ ತಲೆಗೂದಲು ತೆಗೆಸಿದ್ದರು, ಆದ್ದರಿಂದ ನನಗೆ ತರಲಿಲ್ಲ. ಎರಡನೆಯ ದಿನ ನಾನು ಆ ಟೇಪನ್ನು ಹಸುವಿನ ಕಲಗಚ್ಚಿನ ಬಾನಿಗೆ ಹಾಕಿಬಿಟ್ಟೆ. ಆಮೇಲೆ ಅಕ್ಕನ ಜೊತೆ ನಾನೂ ಮನೆಯೆಲ್ಲ ಹುಡುಕಿದೆ. ಅವಳಿಗಿಂತ ಜಾಸ್ತಿಯೇ ಹುಡುಕಿದೆ.

ಮದುವೆಯಾಗಿ, ಮಗನನ್ನು ಹೆತ್ತು, ಅರ್ಧ ತಲೆ ಬೆಳ್ಳಗಾದ ಮೇಲೆ ಈ ಬುದ್ಧಿ ನನ್ನನ್ನು ಬಿಟ್ಟುಹೋಗಿದೆ ಅಂದುಕೊಂಡಿದ್ದೆ. ಹೋಗಿರಲಿಲ್ಲ. ಇಂಚರಾ, ನಿನಗೆ ಎಂಟು ತಿಂಗಳಾಗಿದ್ದಾಗ ಬಂದ ಸಂಕ್ರಾಂತಿಯ ದಿನ ಅದು ಹೊರಗೆ ಬಂತು. ಆ ದಿನ ನನ್ನ ಬಾಲ್ಯದ್ದಲ್ಲ, ನಿನ್ನ ಬಾಲ್ಯದ್ದು. ನಿನಗೆ ನೆನಪಿರಲು ಸಾಧ್ಯವಿಲ್ಲ. ನಾನಂತೂ ಒಂದು ಗಳಿಗೆಯನ್ನೂ ಮರೆತಿಲ್ಲ.

ಆಗಲೂ ನಾವು ಅತ್ತಿಗುಪ್ಪೆಯ ಇದೇ ಮನೆಯಲ್ಲಿದ್ದೆವು. ನಿಮ್ಮ ತಾತ ಮೈಸೂರು ರಸ್ತೆಯ ಒಂದು ಕಾರ್ಖಾನೆಯಿಂದ ಆಗಷ್ಟೇ ನಿವೃತ್ತರಾಗಿದ್ದರು. ನಿವೃತ್ತಿಯ ದಿನ ಜೊತೆಯವರು ಸೇರಿ ಒಂದು ಕ್ಯಾಮೆರಾ ಕೊಟ್ಟಿದ್ದರು. ಅಲ್ಲಿಂದ ಅವರಿಗೆ ಅದೇ ಹುಚ್ಚು. ಬೆಳಿಗ್ಗೆ ತಿಂಡಿ ತಿನ್ನುವಾಗಲೂ ಕ್ಯಾಮೆರಾ ತಟ್ಟೆಯ ಪಕ್ಕದಲ್ಲಿರುತ್ತಿತ್ತು. ಆ ಕ್ಯಾಮೆರಾಕ್ಕೆ ಫಿಲ್ಮ್ ರೋಲು ಹಾಕಬೇಕಿತ್ತು. ಒಂದು ರೋಲಿಗೆ ಮೂವತ್ತಾರು ಫೋಟೊ. ಅಷ್ಟೂ ಮುಗಿದು, ಸ್ಟುಡಿಯೋಗೆ ಕೊಟ್ಟು, ಪ್ರಿಂಟು ಬರುವ ತನಕ ಯಾವುದು ಹೇಗೆ ಬಿದ್ದಿದೆ ಎಂದು ತೆಗೆದವರಿಗೂ ಗೊತ್ತಾಗುತ್ತಿರಲಿಲ್ಲ.

ನನ್ನದು ಹೆಣಿಗೆ. ಮದುವೆಯಾಗಿ ಬಂದ ಹೊಸದರಲ್ಲಿ ವಠಾರದ ಪಕ್ಕದ ಮನೆಯಾಕೆ ಕಲಿಸಿದ್ದು. ಎರಡು ಕಡ್ಡಿ, ಒಂದು ಉಲ್ಲನ್ ಉಂಡೆ ಇದ್ದರೆ ಎಂಥ ನೆಂಟರ ಮನೆಯಲ್ಲೂ ನಾನು ಬದುಕಿಕೊಳ್ಳುತ್ತಿದ್ದೆ. ಕೈ ಆಡುತ್ತಿರುವವಳ ಬಾಯಿ ಯಾಕೆ ಆಡುತ್ತಿಲ್ಲ ಎಂದು ಯಾರೂ ಕೇಳುವುದಿಲ್ಲ.

ಇನ್ನು ನಿಮ್ಮ ಅಮ್ಮನ ಅಮ್ಮ, ನಿಮ್ಮ ಹೂವಜ್ಜಿ. ಆಗ ಅವರಿಗೆ ಆ ಹೆಸರಿರಲಿಲ್ಲ, ಅದನ್ನಿಟ್ಟವಳು ಇಂಚರಾ, ನೀನೇ. ಬಸವೇಶ್ವರನಗರದಲ್ಲಿ ಅವರದು ಸ್ವಂತ ಮನೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಯಜಮಾನರು ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಮಗಳ ಮದುವೆಯಾದ ಮೇಲೆ ಮನೆಯಲ್ಲಿ ಒಬ್ಬರೇ ಇದ್ದರು. ತಾರಸಿಯ ತುಂಬ ಹೂವಿನ ಕುಂಡಗಳನ್ನಿಟ್ಟುಕೊಂಡಿದ್ದರು. ಎತ್ತರದ ಆಳು, ಗಟ್ಟಿ ದನಿ. ಯಾವ ವಿಷಯ ಬಂದರೂ ಅವರಿಗೆ ಗೊತ್ತಿರುತ್ತಿತ್ತು, ಮತ್ತು ಅವರು ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು. ನನಗೆ ತಡೆಯಲಾಗದೆ ಇದ್ದದ್ದು ಅದೇ.

ನಿಮ್ಮ ಅಮ್ಮ ಬಾಣಂತನಕ್ಕೆ ಆ ಮನೆಗೆ ಹೋದವಳು ಅಲ್ಲೇ ಇದ್ದಳು. ಆ ಸಂಕ್ರಾಂತಿಗೆ ಅವಳ ರಜೆ ಮುಗಿಯುತ್ತಿತ್ತು. ಅವಳ ಆಫೀಸು ರಾಜಾಜಿನಗರದಲ್ಲಿ, ತಾಯಿಯ ಮನೆಯಿಂದ ಹತ್ತು ನಿಮಿಷದ ದಾರಿ. ಮಗು ಅಲ್ಲೇ ಇದ್ದರೆ ಮಧ್ಯಾಹ್ನ ಬಂದು ಹಾಲು ಕುಡಿಸಿ ಹೋಗಬಹುದು ಎಂಬ ಮಾತು ನಡೆಯುತ್ತಿತ್ತು. ಅಂದರೆ ವಾರದಲ್ಲಿ ಆರು ದಿನ ನೀನು ಅವರ ಹತ್ತಿರ, ಭಾನುವಾರ ಒಂದು ದಿನ ನನ್ನ ಹತ್ತಿರ. "ಹಬ್ಬದ ದಿನ ಎಲ್ರೂ ಸೇರ್ತೀವಲ್ಲ, ಅವತ್ತು ಮಾತಾಡಿ ತೀರ್ಮಾನ ಮಾಡೋಣ ಬಿಡಮ್ಮ" ಎಂದಿದ್ದ ನಿಮ್ಮ ಅಪ್ಪ.

ನಾನು ಒಂದು ಮಾತು ಸಿದ್ಧ ಮಾಡಿಕೊಂಡಿದ್ದೆ. "ಮಗು ನನ್ನ ಹತ್ತಿರ ಇರಲಿ." ಅಷ್ಟೇ. ನಿನಗೆಂದು ಕೇಸರಿ ಬಣ್ಣದ ಸ್ವೆಟರು ಹೆಣೆಯುವಾಗ ಒಂದೊಂದು ಸಾಲಿಗೂ ಒಂದೊಂದು ಸಲ ಆ ಮಾತನ್ನು ಬಾಯಲ್ಲೇ ಹೇಳಿ ರೂಢಿ ಮಾಡಿಕೊಂಡೆ. ಸ್ವೆಟರಿನ ಜೊತೆಗೆ ಒಂದು ಕುಲಾವಿಯನ್ನೂ ಹಾಕಿ ಹಬ್ಬಕ್ಕೆ ಹದಿನೈದು ದಿನ ಮೊದಲೇ ನಿಮ್ಮ ಅಪ್ಪನ ಕೈಯಲ್ಲಿ ಕಳಿಸಿದೆ. ಹಬ್ಬದ ದಿನ ನೀನು ಅದನ್ನು ಹಾಕಿಕೊಂಡಿರುತ್ತೀಯ, ನಾನು ನಿನ್ನನ್ನು ಎತ್ತಿಕೊಳ್ಳುತ್ತೇನೆ, ಆಗ ಆ ಮಾತು ತಾನೇ ಬಾಯಿಂದ ಬರುತ್ತದೆ. ಹೀಗೆ ಲೆಕ್ಕ ಹಾಕಿದ್ದೆ.

ಸಂಕ್ರಾಂತಿಯ ಬೆಳಿಗ್ಗೆ ತಾತನ ಸ್ಕೂಟರಿನ ಹಿಂದೆ ಕೂತು ಹೊರಟೆ. ಚಳಿಗೆ ಕಿವಿ ಮರಗಟ್ಟಿತ್ತು. ವಿಜಯನಗರದ ಮಾರುಕಟ್ಟೆಯ ಬಳಿ ಕಬ್ಬಿನ ಜಲ್ಲೆ ರಸ್ತೆಗೇ ಬಂದಿತ್ತು, ಅವರೆಕಾಯಿಯ ಸೊಗಡು ಮೂಗಿಗೆ ಹತ್ತುತ್ತಿತ್ತು. ನನ್ನ ಮಡಿಲಲ್ಲಿ ಎಳ್ಳು ಬೆಲ್ಲದ ಡಬ್ಬಿ.

ಬಾಗಿಲಲ್ಲೇ ನೀನು ಕಂಡೆ. ನೆಲದ ಮೇಲೆ ಅಂಬೆಗಾಲಿಡುತ್ತಿದ್ದೆ. ಮೈಮೇಲೆ ಅಂಗಡಿಯಿಂದ ತಂದ ಗುಲಾಬಿ ಬಣ್ಣದ ಹತ್ತಿ ಜಾಕೀಟು.

ನನ್ನ ಕಣ್ಣು ಎಲ್ಲಿ ನೆಟ್ಟಿದೆ ಎಂದು ನಿಮ್ಮ ಅಮ್ಮನಿಗೆ ತಿಳಿಯಿತು. "ಉಲ್ಲನ್ ಚುಚ್ಚುತ್ತೆ ಅಂತ ಅಮ್ಮ ತೆಗೆದಿಟ್ರು ಅತ್ತೆ. ಸ್ವಲ್ಪ ದೊಡ್ಡವಳಾದ್ಮೇಲೆ ಹಾಕ್ತೀನಿ" ಎಂದಳು.

"ಪರವಾಗಿಲ್ಲಮ್ಮ" ಎಂದೆ. ಹೆಣೆಯುವ ಮೊದಲು ಆ ಉಲ್ಲನ್ನನ್ನು ನನ್ನ ಕೆನ್ನೆಗೆ ಒತ್ತಿ ನೋಡಿದ್ದೆ. ಚುಚ್ಚಿರಲಿಲ್ಲ. ನಿನ್ನನ್ನು ಎತ್ತಿಕೊಂಡೆ. ನೀನು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ತುಟಿ ತಿರುಚಿ, ಜೋರಾಗಿ ಅತ್ತು ಅವರ ಕಡೆ ಎರಡೂ ಕೈ ಚಾಚಿದೆ. ಹೂವಜ್ಜಿ ಬಂದು ನಿನ್ನನ್ನು ತೆಗೆದುಕೊಂಡರು. "ಅಭ್ಯಾಸ ಇಲ್ವಲ್ಲ, ಅದಕ್ಕೆ. ಬೇಜಾರು ಮಾಡ್ಕೋಬೇಡಿ" ಎಂದರು. ಅದೂ ಸರಿಯಾದ ಮಾತೇ.

ತಿಂಡಿ ಮುಗಿದ ಮೇಲೆ ಅವರು ನಮ್ಮನ್ನು ತಾರಸಿಗೆ ಕರೆದುಕೊಂಡು ಹೋದರು. ಬಡಾವಣೆಯ ಮಹಿಳಾ ಸಂಘದವರು ತಾರಸಿ ತೋಟಗಳಿಗೆ ಸ್ಪರ್ಧೆ ಇಟ್ಟಿದ್ದರು, ಭಾನುವಾರ ಬಂದು ನೋಡುವವರಿದ್ದರು. ನೀರಿನ ಟ್ಯಾಂಕಿನ ಪಕ್ಕ ಸಾಲಾಗಿ ಪುಟ್ಟ ಹಳದಿ ಸೇವಂತಿಗೆ. ನಡುವೆ, ಇಟ್ಟಿಗೆಯ ಮೇಲೆ, ಮೂರು ಬೇರೆ ಕುಂಡಗಳು. ಒಂದೊಂದರಲ್ಲಿ ಮೂರು ಹೂವು. ಹಾಲಿನ ಕೆನೆಯ ಬಣ್ಣ, ಒಂದೊಂದೂ ಊಟದ ಬಟ್ಟಲಿನಷ್ಟು ಅಗಲ. ಅಷ್ಟು ದೊಡ್ಡ ಸೇವಂತಿಗೆಯನ್ನು ನಾನು ಕಂಡೇ ಇರಲಿಲ್ಲ.

"ಒಂದು ಕಡ್ಡಿಗೆ ಹತ್ತು ಮೊಗ್ಗು ಬರುತ್ತೆ. ಒಂದೇ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಎಳೇದಿರುವಾಗ್ಲೇ ಚಿವುಟಿ ಬಿಡ್ಬೇಕು. ಗಿಡದ ಶಕ್ತಿಯೆಲ್ಲ ಆ ಒಂದಕ್ಕೇ ಹೋಗುತ್ತೆ" ಎಂದು ವಿವರಿಸಿದರು. ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಸಂಜೆ ಆ ಮೂರು ಕುಂಡಗಳ ಮುಂದೆ ಕೂತಿದ್ದರಂತೆ. ಮಗುವನ್ನು ಕಂಕುಳಲ್ಲಿಟ್ಟುಕೊಂಡೇ ನೀರು ಹಾಕಿದ್ದರಂತೆ. ಒಂದೊಂದು ಕುಂಡಕ್ಕೂ ರಟ್ಟಿನ ಚೀಟಿ ಕಟ್ಟಿ ದೊಡ್ಡ ಅಕ್ಷರದಲ್ಲಿ "ಮುಟ್ಟಬೇಡಿ" ಎಂದು ಬರೆದಿದ್ದರು. ಮೇಷ್ಟರಮ್ಮನ ಅಕ್ಷರ, ಕುರುಡರಿಗೂ ಕಾಣುವ ಹಾಗಿತ್ತು.

ತಾತ ಕ್ಯಾಮೆರಾ ಹಿಡಿದು ಮಂಡಿಯೂರಿದರು. ಮುಂದಿನಿಂದ ಒಂದು, ಪಕ್ಕದಿಂದ ಒಂದು, ಮೇಲಿನಿಂದ ಒಂದು. ಹೂವಜ್ಜಿಯನ್ನು ಕುಂಡದ ಪಕ್ಕ ನಿಲ್ಲಿಸಿ ಎರಡು. ಮಗುವನ್ನೆತ್ತಿಕೊಂಡ ಹೂವಜ್ಜಿಯದು ಮೂರು. "ಬೀಗಿತ್ತಮ್ಮ, ಸ್ವಲ್ಪ ನಗಿ. ಹೂವೇ ನಗ್ತಾ ಇದೆ, ನೀವು ನಗ್ದೇ ಇದ್ರೆ ಹೆಂಗೆ!" ಎಂದು ತಮಾಷೆ ಬೇರೆ.

ನಾನು ಅವರ ಹತ್ತಿರ ಹೋಗಿ ಮೆಲ್ಲಗೆ, "ರೀ, ನಂದೂ ಮಗೂದೂ ಒಂದು ತೆಗೀರಿ" ಎಂದೆ.

"ಇನ್ನು ನಾಲ್ಕೇ ಉಳಿದಿರೋದು ಕಣೇ. ಸಂಜೆ ಶಾಸ್ತ್ರಕ್ಕೆ ಬೇಕಲ್ಲ" ಎಂದರು.

ಅಷ್ಟು ಹೊತ್ತಿಗೆ ಮೂವತ್ತು ವರ್ಷ ಅವರ ಜೊತೆ ಬಾಳಿದ್ದೆ. ಅವರು ನನ್ನ ಹೆಣಿಗೆಯ ಒಂದು ಫೋಟೊವನ್ನೂ ತೆಗೆದಿರಲಿಲ್ಲ. ಎಲ್ಲರಿಗಿಂತ ಮೊದಲೇ ಮೆಟ್ಟಿಲಿಳಿದುಬಿಟ್ಟೆ.

ಮಧ್ಯಾಹ್ನ ಊಟವಾಯಿತು. ಅವರೆಕಾಳು ಹಾಕಿದ ಹುಗ್ಗಿ, ಸಿಹಿ ಪೊಂಗಲು. ಗಂಡಸರು ಚಾಪೆ ಹಾಕಿ ಮಲಗಿದರು. ನಾನು ಎಲೆ ತೆಗೆದು ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದೆ. ಅಡುಗೆಮನೆಯ ಕಿಟಕಿಯಿಂದ ತಾಯಿ ಮಗಳ ಮಾತು ಕೇಳಿಸಿತು.

"ಸೋಮವಾರದಿಂದ ನೀನು ನಿಶ್ಚಿಂತೆಯಿಂದ ಹೋಗು. ನಾನಿದೀನಲ್ಲ" ಎನ್ನುತ್ತಿದ್ದರು ಹೂವಜ್ಜಿ.

"ಅತ್ತೆ ಏನಾದ್ರೂ ಅಂದ್ಕೋತಾರೇನೋ ಅಮ್ಮ."

"ಅವರೇನೂ ಅನ್ನಲ್ಲ ಕಣೇ. ಅವರು ಯಾವತ್ತಾದ್ರೂ ಏನಾದ್ರೂ ಅಂದಿದ್ದುಂಟಾ? ಭಾನುವಾರ ಹೇಗೂ ಕರ್ಕೊಂಡು ಹೋಗ್ತೀಯಲ್ಲ."

ತೀರ್ಮಾನ ಆಗಿಹೋಗಿತ್ತು. ನನ್ನನ್ನು ಕೇಳುವ ಮೊದಲೇ, ನಾನು ಏನೂ ಅನ್ನುವುದಿಲ್ಲ ಎಂಬ ಧೈರ್ಯದ ಮೇಲೆ ಆಗಿಹೋಗಿತ್ತು. ಸಾಲು ಸಾಲಿಗೂ ರೂಢಿ ಮಾಡಿದ ಮಾತನ್ನು ಆಗಲಾದರೂ ಒಳಗೆ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆಯುತ್ತ ನಿಂತೆ.

ಸಂಕ್ರಾಂತಿಯ ಸಂಜೆ ಚಿಕ್ಕ ಮಕ್ಕಳಿಗೆ ಎಲಚಿ ಹಣ್ಣು ಎರೆಯುವ ಶಾಸ್ತ್ರ ನಿಮಗೆ ಗೊತ್ತು. ಮಗುವನ್ನು ಮಣೆಯ ಮೇಲೆ ಕೂರಿಸಿ, ಎಲಚಿ ಹಣ್ಣು, ಕಬ್ಬಿನ ಚೂರು, ಹೂವಿನ ಎಸಳು ಬೆರೆಸಿ, ಸೇರಿನಲ್ಲಿ ತುಂಬಿ ತಲೆಯ ಮೇಲಿಂದ ಸುರಿಯುತ್ತಾರೆ. ಮಗುವಿಗೆ ಯಾರ ಕಣ್ಣೂ ತಾಗದಿರಲಿ ಎಂದು. ನಿನಗೆ ಅದು ಮೊದಲನೆಯ ಸಲ. ಎರೆಯಬೇಕಾದವಳು ನಾನು. ಹೂವಜ್ಜಿ ಯಜಮಾನರನ್ನು ಕಳೆದುಕೊಂಡವರಾದ್ದರಿಂದ ತಾವಾಗಿಯೇ ಹಿಂದೆ ಸರಿದು, "ನೀವೇ ಎರೀರಿ. ನನ್ನ ಪಾಲಿಗೆ ಹೂವು ನಮ್ಮ ತೋಟದ್ದು" ಎಂದಿದ್ದರು. ಆ ಮಾತಿನಲ್ಲಿ ಎಷ್ಟು ನೋವಿದ್ದಿರಬಹುದು ಎಂದು ಆ ದಿನ ನನಗೆ ಹೊಳೆಯಲಿಲ್ಲ. ಹೊಟ್ಟೆಕಿಚ್ಚು ಇರುವಾಗ ಬೇರೆಯವರ ಬಳಿ ಇರುವುದು ಮಾತ್ರ ಕಾಣುತ್ತದೆ, ಇಲ್ಲದ್ದು ಕಾಣುವುದಿಲ್ಲ.

ಐದು ಗಂಟೆಯ ಹೊತ್ತಿಗೆ ಅವರು ನಿನಗೆ ಸ್ನಾನ ಮಾಡಿಸುತ್ತಾ ಬಚ್ಚಲುಮನೆಯಿಂದಲೇ ನನ್ನನ್ನು ಕೂಗಿದರು. "ರೀ, ಮೇಲೆ ಹೋಗಿ ಸ್ವಲ್ಪ ಹೂವು ಬಿಡಿಸ್ಕೊಂಡು ಬರ್ತೀರಾ? ಟ್ಯಾಂಕಿನ ಹತ್ರ ಇದೆಯಲ್ಲ, ಆ ಪುಟ್ಟ ಸೇವಂತಿಗೆ."

ಬಿದಿರಿನ ಬುಟ್ಟಿ ಹಿಡಿದು ಮೆಟ್ಟಿಲು ಹತ್ತಿದೆ. ತಾರಸಿಯಲ್ಲಿ ಯಾರೂ ಇರಲಿಲ್ಲ. ಇಳಿಬಿಸಿಲು ನೇರವಾಗಿ ಆ ಮೂರು ಕುಂಡಗಳ ಮೇಲೆ ಬಿದ್ದಿತ್ತು. ಟ್ಯಾಂಕಿನ ಕಡೆಗೆ ಎರಡು ಹೆಜ್ಜೆ ಹಾಕಿದವಳು ನಿಂತೆ. ಮಕ್ಕಳೇ, ಇಲ್ಲಿ ಸುಳ್ಳು ಬರೆಯುವುದಿಲ್ಲ. ನನಗೆ ಓದಲು ಬರುತ್ತಿತ್ತು. ಚೀಟಿಯನ್ನು ಬೆಳಿಗ್ಗೆಯೂ ಓದಿದ್ದೆ, ಈಗಲೂ ಓದಿದೆ. ಮೊದಲು ಮೂರೂ ಚೀಟಿಗಳ ದಾರ ಬಿಚ್ಚಿ ಇಟ್ಟಿಗೆಯ ಮೇಲೆ ಒಂದರ ಮೇಲೊಂದು ಇಟ್ಟೆ. ಆಮೇಲೆ ಒಂದೊಂದಾಗಿ ಒಂಬತ್ತು ಹೂವನ್ನೂ ಕಿತ್ತೆ. ಕಡ್ಡಿ ಮುರಿಯುವಾಗ ಚಟಕ್ ಎನ್ನುತ್ತಿತ್ತು. ಕೈಯೆಲ್ಲ ಸೇವಂತಿಗೆಯ ಕಹಿ ವಾಸನೆ. ಎಸಳುಗಳನ್ನು ಅಲ್ಲೇ ಬಿಡಿಸಿ ಬುಟ್ಟಿಗೆ ಹಾಕಿದೆ. ಬುಟ್ಟಿ ತುಂಬಿತು.

ದೇವರ ಮುಂದೆ ರಂಗೋಲಿ ಹಾಕಿ, ಮಣೆಯಿಟ್ಟು ನಿನ್ನನ್ನು ಕೂರಿಸಿದ್ದರು. ನಿಮ್ಮ ಅಮ್ಮ ನಿನ್ನ ಮೇಲೇ ಕಣ್ಣಿಟ್ಟುಕೊಂಡು, 'ಹೂವು ಎಷ್ಟು ಚೆನ್ನಾಗಿದೆ' ಎನ್ನುತ್ತಲೇ ಎಸಳುಗಳನ್ನು ಹಣ್ಣಿನ ಜೊತೆ ಬೆರೆಸಿದಳು. ಹೂವಜ್ಜಿ ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ನಾನು ಸೇರು ಎತ್ತಿ ನಿನ್ನ ತಲೆಯ ಮೇಲೆ ಸುರಿದೆ. ಎಲಚಿ ಹಣ್ಣು ಟಪಟಪ ಉರುಳಿದವು. ಕೆನೆ ಬಣ್ಣದ ಉದ್ದ ಎಸಳುಗಳು ನಿನ್ನ ಕೂದಲಿಗೆ, ಮೂಗಿಗೆ, ತೊಡೆಗೆ ಅಂಟಿಕೊಂಡವು. ನೀನು ಒಂದು ಎಸಳನ್ನು ಹಿಡಿದು ಬಾಯಿಗಿಟ್ಟುಕೊಂಡು ನಕ್ಕೆ. ತಾತನ ಕ್ಯಾಮೆರಾ ಫಳಕ್ ಎಂದಿತು.

ಆಗ ಹೂವಜ್ಜಿ ಗೋಡೆಯಿಂದ ಮುಂದಕ್ಕೆ ಬಂದರು. ಬಗ್ಗಿ ಒಂದು ಎಸಳನ್ನು ಎತ್ತಿ ಬೆರಳಿನಿಂದ ಸವರಿದರು. ಅವರ ಮುಖ ಬಿಳಿಚಿಕೊಂಡಿತು. ಒಂದು ಗಳಿಗೆ ನನ್ನನ್ನು ನೋಡಿದರು.

"ಅಮ್ಮ, ಇದು ಸ್ಪರ್ಧೆಯ ಹೂವಲ್ವಾ?" ನಿಮ್ಮ ಅಮ್ಮನ ದನಿ ಏರಿತು. "ಅತ್ತೆ, ಅದರ ಮೇಲೆ..."

"ಇರ್ಲಿ ಬಿಡೇ" ಎಂದು ಹೂವಜ್ಜಿ ಅವಳ ಮಾತು ತುಂಡರಿಸಿದರು. "ಅವರಿಗೇನು ಗೊತ್ತು, ಪಾಪ. ಹಳ್ಳಿ ಕಡೆ ಹೂವು ಅಂದ್ರೆ ದೇವರಿಗೆ, ಮಕ್ಕಳಿಗೆ. ನೋಡೋದಕ್ಕೆ ಅಂತ ಗಿಡದಲ್ಲಿ ಬಿಡೋದು ನಮ್ಮಂಥೋರು. ಎರೀರಿ ನೀವು, ಇನ್ನೂ ಎರಡು ಸಲ ಆಗ್ಬೇಕು."

ನಾನು ಇನ್ನೂ ಎರಡು ಸಲ ಎರೆದೆ. ಆ ಮನೆಯಲ್ಲಿ ಆ ದಿನ ಕೆಟ್ಟ ಕಣ್ಣು ಯಾರದಾದರೂ ಇದ್ದಿದ್ದರೆ ಅದು ಎರೆಯುತ್ತಿದ್ದವಳದೇ. ಹಳ್ಳಿಯವಳು, ಗೊತ್ತಿರಲಿಲ್ಲ ಎಂಬ ಮಾತಿನ ಹಿಂದೆ ಅಡಗಿ ಕೂತೆ.

ಮನೆಗೆ ಬರುವಾಗ ತಾತ ಸ್ಕೂಟರನ್ನು ನಿಧಾನಕ್ಕೆ ಓಡಿಸಿದರು. ಮಾಗಡಿ ರಸ್ತೆಯ ಸಿಗ್ನಲಿನಲ್ಲಿ ನಿಂತಾಗ, ತಿರುಗದೆಯೇ, "ಚೀಟಿ ಇತ್ತಲ್ಲೇ ಅಲ್ಲಿ" ಎಂದರು.

"ನಾನು ನೋಡ್ಲಿಲ್ಲ" ಎಂದೆ.

ಶನಿವಾರ ಪ್ರಿಂಟು ಬಂದವು. ತಾತ ಯಾವಾಗಲೂ ಎರಡು ಸೆಟ್ ಹಾಕಿಸುತ್ತಿದ್ದರು, ಒಂದು ನಮಗೆ, ಒಂದು ಬೀಗರ ಮನೆಗೆ. ಊಟದ ಮೇಜಿನ ಮೇಲೆ ಒಂದೊಂದಾಗಿ ಹರಡಿದರು. ಹೂವು, ಹೂವು, ಹೂವು. ಆಮೇಲೆ ಶಾಸ್ತ್ರದ ಫೋಟೊ. ನೀನು ಎಸಳನ್ನು ಬಾಯಿಗಿಟ್ಟುಕೊಂಡು ನಗುತ್ತಿದ್ದೀಯ. ನಿಮ್ಮ ಅಪ್ಪ ಅಮ್ಮ ನಿನ್ನನ್ನೇ ನೋಡುತ್ತಿದ್ದಾರೆ. ಹಿಂದೆ ಗೋಡೆಯ ಪಕ್ಕ ಹೂವಜ್ಜಿ ಕತ್ತು ಮುಂದಕ್ಕೆ ಚಾಚಿ ಎಸಳುಗಳನ್ನು ನೋಡುತ್ತಿದ್ದಾರೆ. ನಾನು ಮಾತ್ರ ಮಗುವನ್ನು ನೋಡುತ್ತಿಲ್ಲ. ಖಾಲಿ ಸೇರು ಕೈಯಲ್ಲಿ ಹಿಡಿದು ಹೂವಜ್ಜಿಯನ್ನು ನೋಡುತ್ತಿದ್ದೇನೆ. ನನ್ನ ತುಟಿಯ ತುದಿಯಲ್ಲಿ ಸಣ್ಣ ನಗು.

ಆ ಮುಖವನ್ನು ನಾನು ಕನ್ನಡಿಯಲ್ಲಿ ಯಾವತ್ತೂ ಕಂಡಿರಲಿಲ್ಲ.

ತಾತ ಫೋಟೊವನ್ನು ನನ್ನ ಕಡೆ ಸರಿಸಿದರು. "ಇದನ್ನೂ ಅವರ ಸೆಟ್ಟಿನಲ್ಲಿ ಇಡ್ಲಾ, ತೆಗೀಲಾ? ನೀನು ಹೇಳಿದ ಹಾಗೆ" ಎಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸೋಮವಾರ ಬೆಳಿಗ್ಗೆ ನಾನು ಒಬ್ಬಳೇ ಬಸ್ಸು ಹತ್ತಿದೆ. ನಿಮಗೆ ನಗು ಬರಬಹುದು. ಮದುವೆಯಾಗಿ ಮೂವತ್ತು ವರ್ಷದಲ್ಲಿ ನಾನು ಒಬ್ಬಳೇ ವಿಜಯನಗರ ದಾಟಿರಲಿಲ್ಲ. ತಾತ ಬಿಟ್ಟು ಬರುತ್ತೇನೆಂದರೂ ಬೇಡವೆಂದೆ. ಕಂಡಕ್ಟರಿಗೆ ನನ್ನ ದನಿ ಕೇಳಿಸದೆ ಮೂರು ಸಲ ಇಳಿಯುವ ಜಾಗದ ಹೆಸರು ಹೇಳಬೇಕಾಯಿತು. ಕೈಚೀಲದಲ್ಲಿ ಫೋಟೊ ಸೆಟ್ಟಿತ್ತು. ಎಲ್ಲ ಫೋಟೊಗಳೂ ಇದ್ದವು.

ಬೀದಿಯ ತುದಿಯಲ್ಲೇ ನಿನ್ನ ಅಳು ಕೇಳಿಸಿತು. ಬಾಗಿಲು ತೆರೆದೇ ಇತ್ತು. ಅದು ನಿಮ್ಮ ಅಮ್ಮ ಕೆಲಸಕ್ಕೆ ಹೋದ ಮೊದಲ ದಿನ. ಹೂವಜ್ಜಿಯ ಕೂದಲು ಬಿಚ್ಚಿಹೋಗಿತ್ತು, ಸೀರೆಯ ಮೇಲೆ ಹಾಲು ಚೆಲ್ಲಿತ್ತು, ಹೆಗಲ ಮೇಲೆ ನೀನು ಕೆಂಪಗಾಗಿ ಕಿರುಚುತ್ತಿದ್ದೆ. ಎಲ್ಲ ಗೊತ್ತಿದ್ದ ಹೂವಜ್ಜಿಗೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ನಿಂತ ನಿಲುವಿನಲ್ಲೇ ನಾನು ಶುರು ಮಾಡಿದೆ. ಕೂತು ನೀರು ಕುಡಿದಿದ್ದರೆ ಧೈರ್ಯ ಇಳಿದುಹೋಗುತ್ತಿತ್ತು.

"ಒಂದು ಮಾತು ಹೇಳ್ಬೇಕಿತ್ತು" ಎಂದೆ.

"ಏನಂದ್ರಿ?"

"ಅವತ್ತು ಆ ಹೂವು..."

"ಕೇಳಿಸ್ತಿಲ್ಲ ರೀ, ಜೋರಾಗಿ ಹೇಳಿ! ಇವಳು ಬಿಟ್ರೆ ತಾನೆ!"

ನಾನು ಹುಟ್ಟಿದ ಮೇಲೆ ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದಲು. "ಆ ಹೂವನ್ನ ನಾನು ಬೇಕಂತಲೇ ಕಿತ್ತಿದ್ದು!"

ಹೂವಜ್ಜಿ ನಿನ್ನ ಬೆನ್ನು ತಟ್ಟುವುದನ್ನು ನಿಲ್ಲಿಸಲಿಲ್ಲ. "ಗೊತ್ತು" ಎಂದರು. "ಮೊದಲು ಆ ಹಾಲಿನ ಬಾಟ್ಲಿ ಕೊಡಿ ಇತ್ಲಾಗೆ."

ಬಾಟಲಿಯನ್ನು ನೀನು ಮುಟ್ಟಲಿಲ್ಲ. ನಾನು ಎತ್ತಿಕೊಂಡೆ, ನೀನು ಇನ್ನೂ ಜೋರಾಗಿ ಅತ್ತೆ. ಅವರು ಎತ್ತಿಕೊಂಡರು, ಹಾಗೇ. ಇಬ್ಬರು ಅಜ್ಜಿಯರು ಎರಡು ಗಂಟೆಯ ಹೊತ್ತು ಒಬ್ಬರ ಕೈಯಿಂದ ಒಬ್ಬರು ನಿನ್ನನ್ನು ತೆಗೆದುಕೊಂಡು ಆ ನಡುಮನೆಯಲ್ಲಿ ಅತ್ತಿಂದಿತ್ತ ಓಡಾಡಿದೆವು. ನೀನು ಇಬ್ಬರನ್ನೂ ಒಲ್ಲೆ ಎಂದೆ. ಕೊನೆಗೆ ಮಧ್ಯಾಹ್ನ ನಿಮ್ಮ ಅಮ್ಮ ಬಂದಳು, ಅವಳ ಮಡಿಲಿಗೆ ಬಿದ್ದವಳೇ ನೀನು ಸುಮ್ಮನಾದೆ.

ಅವಳು ಮತ್ತೆ ಆಫೀಸಿಗೆ ಹೋದ ಮೇಲೆ, ನೀನು ಮಲಗಿದ ಮೇಲೆ, ಹೂವಜ್ಜಿ ಎರಡು ಲೋಟ ಕಾಫಿ ತಂದು ನನ್ನೆದುರು ಕೂತರು.

"ಹೆಂಗೆ ಗೊತ್ತಾಯ್ತು ನಿಮಗೆ?" ಎಂದು ಕೇಳಿದೆ.

"ನಿಮ್ಮ ಮುಖ ನೋಡಿದಾಗ್ಲೇ ಅನುಮಾನ ಬಂತು. ಆಮೇಲೆ ಮೇಲೆ ಹೋಗಿ ನೋಡಿದ್ರೆ, ಚೀಟಿ ಬಿಚ್ಚಿ ಜೋಡಿಸಿಟ್ಟಿದ್ರಲ್ಲ. ಗೊತ್ತಿಲ್ಲದೆ ಕೀಳೋರು ಚೀಟಿ ಬಿಚ್ಚಿಡ್ತಾರೇನ್ರೀ?"

"ಮತ್ತೆ ಎಲ್ಲರ ಮುಂದೆ, ಪಾಪ ಗೊತ್ತಿಲ್ಲ ಅಂದ್ರಿ."

"ಮಗು ತಲೆ ಮೇಲೆ ಹೂವು ಬೀಳ್ತಾ ಇತ್ತು. ಅಂಥ ಹೊತ್ತಲ್ಲಿ ಜಗಳ ಆಡ್ಬೇಕಿತ್ತಾ?" ಅವರ ಕಣ್ಣು ತುಂಬಿತು. "ರಾತ್ರಿ ಪೂರಾ ನಿಮ್ಮನ್ನ ಬೈಕೊಂಡಿದೀನಿ, ಅದು ಬೇರೆ ಮಾತು. ಸಂಘದವರಿಗೆ ಬರಬೇಡಿ ಅಂತ ಹೇಳಿ ಹೆಸರು ವಾಪಸ್ ತಗೊಂಡೆ. ಮೂರು ತಿಂಗಳು ರೀ! ನಿಮ್ಮ ಸ್ವೆಟರನ್ನ ಯಾರಾದ್ರೂ ಕತ್ತರಿ ಹಾಕಿ ತುಂಡು ಮಾಡಿದ್ರೆ ಹೆಂಗಿರುತ್ತೆ ನಿಮಗೆ?"

ಅವರೇ ಎದ್ದು ಹೋಗಿ ಬೀರುವಿನಿಂದ ಕೇಸರಿ ಸ್ವೆಟರು ತಂದರು. ಮಲಗಿದ್ದ ನಿನ್ನ ಜಾಕೀಟಿನ ಕೊರಳನ್ನು ಮೆಲ್ಲಗೆ ಸರಿಸಿ ತೋರಿಸಿದರು. ಕುತ್ತಿಗೆಯ ಸುತ್ತ ಸಣ್ಣ ಕೆಂಪು ಗುಳ್ಳೆಗಳು ಆರಿದ ಗುರುತು. "ಎರಡು ದಿನ ಹಾಕಿದ್ದಕ್ಕೆ ಹೀಗಾಯ್ತು. ನಿಮಗೆ ಹೇಳಿದ್ರೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ." ಆ ವಿಷಯದಲ್ಲೂ ಅವರೇ ಸರಿ.

ಆಗ ನನ್ನ ಬಾಯಿಂದ ಆ ಮಾತು ಬಂತು. ರೂಢಿ ಮಾಡಿದ ಹಾಗೆ ಬರಲಿಲ್ಲ, ಮುರಿದು ಮುರಿದು ಬಂತು. "ನನಗೂ ಮಗು ಬೇಕು ಕಣ್ರೀ. ಭಾನುವಾರ ಮಾತ್ರ ಅಂದ್ರೆ ನನ್ನ ಕೈಲಿ ಆಗಲ್ಲ."

"ಇದನ್ನ ಮೊದಲೇ ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಮಗೆ? ಹೂವಿನ ಮೇಲೆ ಯಾಕೆ ತೀರಿಸ್ಕೊಂಡ್ರಿ?" ಎಂದರು. ಕಾಫಿ ಲೋಟವನ್ನು ಕೆಳಗಿಟ್ಟರು. "ಮಗು ಇಲ್ಲೇ ಇರ್ಬೇಕು. ಅವಳಮ್ಮ ಮಧ್ಯಾಹ್ನ ಬರದೇ ಇದ್ರೆ ಏನಾಗುತ್ತೆ ಅಂತ ಈಗ ನೋಡಿದ್ರಲ್ಲ. ನೀವೇ ಬನ್ನಿ. ದಿನಾ ಬನ್ನಿ. ನನ್ನೊಬ್ಬಳ ಕೈಲೂ ಆಗಲ್ಲ ಇದು." ಆಮೇಲೆ ಬೆರಳೆತ್ತಿ ಟೀಚರ್ ದನಿಯಲ್ಲಿ, "ಆದ್ರೆ ನಾನಿಲ್ಲದೆ ತಾರಸಿ ಹತ್ತೋ ಹಾಗಿಲ್ಲ!" ಎಂದರು.

ಮರುದಿನ ತಾತನ ಹಳೆಯ ಪಂಚೆಯ ಮೆತ್ತನೆಯ ತುಂಡು ಕತ್ತರಿಸಿ ಆ ಸ್ವೆಟರಿನ ಕೊರಳಿಗೂ ತೋಳಿಗೂ ಒಳಗಿನಿಂದ ಹೊಲಿದೆ. ಆ ಚಳಿಗಾಲವೆಲ್ಲ ನೀನು ಅದನ್ನೇ ಹಾಕಿಕೊಂಡೆ.

ನೀನು ಶಾಲೆಗೆ ಸೇರುವವರೆಗೆ ನಾನು ದಿನಾ ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಹೋಗಿ ಸಂಜೆ ಐದರ ಬಸ್ಸಿಗೆ ಬರುತ್ತಿದ್ದೆ. ಮುಂದಿನ ವರ್ಷ ಹೂವಜ್ಜಿ ನನ್ನನ್ನು ತಾರಸಿಗೆ ಕರೆದು ಮೊಗ್ಗು ಚಿವುಟುವುದನ್ನು ಕಲಿಸಿದರು. ನಾನು ಅವರಿಗೆ ಮಫ್ಲರು ಹೆಣೆಯುವುದನ್ನು ಕಲಿಸಲು ಹೋಗಿ ಸೋತೆ. ಹಾಗೆಂದು ನನ್ನ ಹೊಟ್ಟೆಕಿಚ್ಚು ಹೋಯಿತು ಎಂದು ತಿಳಿಯಬೇಡಿ. ನೀನು ಮೊದಲು ಆಡಿದ ಮಾತು 'ಹೂ'. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಹೋಗಲಿಲ್ಲ ನಿಜ. ಆದರೆ ಆಮೇಲೆ ಹಾಗಾದಾಗಲೆಲ್ಲ ನಾನು ಹೂವಜ್ಜಿಗೇ ಹೇಳಿಬಿಡುತ್ತಿದ್ದೆ. ಅವರು ನಕ್ಕು, "ಉರ್ಕೊಳ್ಳಿ ಉರ್ಕೊಳ್ಳಿ" ಎನ್ನುತ್ತಿದ್ದರು. ತೇಜು, ನಿನಗೆ ಎಲಚಿ ಹಣ್ಣು ಎರೆಯುವಾಗ ನಾನು ಸೇರನ್ನು ಮೊದಲು ಅವರ ಕೈಗೆ ಕೊಟ್ಟೆ. ತಾತ ಹೋಗಿ ಆರು ವರ್ಷವಾಯಿತು. ಗೋಡೆಗೆ ಒರಗಿ ನಿಲ್ಲುವುದು ಹೇಗಿರುತ್ತದೆ ಎಂದು ಈಗ ನನಗೂ ಗೊತ್ತು.

ನಿಮ್ಮ ಕಾಲ ಬೇರೆ. ನಿಮ್ಮ ಮನೆಯ ಹತ್ತಿರ ಕೆಂಗೇರಿಯಲ್ಲಿ ಮೆಟ್ರೊ ಹತ್ತಿದರೆ ಅತ್ತಿಗುಪ್ಪೆಗೆ ಬಂದೇ ಬಿಡುತ್ತೀರಿ, ಯಾವ ಕಂಡಕ್ಟರಿಗೂ ಇಳಿಯುವ ಜಾಗದ ಹೆಸರು ಹೇಳಬೇಕಾಗಿಲ್ಲ. ಸ್ವೆಟರು ಬೇಕೆಂದರೆ ಮನೆ ಬಾಗಿಲಿಗೆ ಬರುತ್ತದೆ. ಇಂಚರಾ, ನೀನು ಒಂದು ನಿಮಿಷದಲ್ಲಿ ಮೂವತ್ತಾರು ಫೋಟೊ ತೆಗೆದು, ಮುಖ ಸರಿಯಿಲ್ಲದ್ದನ್ನು ಆಗಲೇ ಅಳಿಸಿಬಿಡುತ್ತೀಯ. ನಮಗೆ ಆ ಅನುಕೂಲ ಇರಲಿಲ್ಲ, ಬಿದ್ದ ಮುಖವನ್ನು ನೋಡಲೇಬೇಕಿತ್ತು. ತೇಜು, ನೀನು ಫೋನಿನಲ್ಲಿ ನಮ್ಮಿಬ್ಬರನ್ನೂ ಒಟ್ಟಿಗೆ ಕರೆಯುತ್ತೀಯ. ಒಂದೇ ಪರದೆಯಲ್ಲಿ ಒಂದು ಚೌಕದಲ್ಲಿ ನಾನು, ಇನ್ನೊಂದರಲ್ಲಿ ಹೂವಜ್ಜಿ. ಎರಡೂ ಚೌಕ ಸಮ ಎಂದು ನೀನು ಹೇಳುತ್ತೀಯ. ಯಾರದು ಮೇಲಿದೆ ಎಂದು ನಾನು ಇವತ್ತಿಗೂ ನೋಡುತ್ತೇನೆ.

ಈ ಹಾಳೆಗಳನ್ನು ಜೋಪಾನವಾಗಿಡಿ, ನೀರು ತಾಗಿಸಬೇಡಿ. ಹೂವಜ್ಜಿ ಕೇಳಿದರೆ ಓದಲು ಕೊಡಿ, ಅವರಿಗೆ ಗೊತ್ತಿಲ್ಲದ್ದು ಇದರಲ್ಲಿ ಏನೂ ಇಲ್ಲ. ಆದರೆ ಓದಿದ ಮೇಲೆ ಅಲ್ಲೇ ಬಿಟ್ಟು ಬರಬೇಡಿ. ವಾಪಸ್ ನನ್ನ ಮನೆಗೇ ತನ್ನಿ.